ತಾಂಬೂಲ ಪ್ರಶ್ನೆಯಲ್ಲಿ ನಾಗದೋಷ ಬಂತು, ಸಂಕಲ್ಪಕ್ಕೆ ನಾನೇ ಕೂರಬೇಕಂತೆ. ನಂಬದವ ಎಂತ ಮಾಡೂದು?

ತೋಟದಮನೆ_ಮಾಣಿ:

ನಮಸ್ಕಾರ ಎಲ್ಲರಿಗೂ. ಶಿರಸಿ ತಾಲೂಕಿನ ಒಂದು ಹಳ್ಳಿ ನಮ್ದು, ಹೆಸರು ಹೇಳಲ್ಲ, ಹೇಳಿದ್ರೆ ಸಂಜೆಯೊಳಗೆ ಸೊಸೈಟಿ ಕಟ್ಟೆ ಮೇಲೆ ಸುದ್ದಿ ಆಗ್ತದೆ. ಕೊರೋನಾ ಟೈಮಲ್ಲಿ ಬೆಂಗಳೂರು ಬಿಟ್ಟು ಬಂದವ ಇಲ್ಲೇ ಉಳ್ಕೊಂಡೆ, ಹಗಲು ಲ್ಯಾಪ್‌ಟಾಪು, ಸಂಜೆ ತೋಟ. ಅಪ್ಪಯ್ಯ ಸ್ನಾನ ಸಂಧ್ಯಾವಂದನೆ ಮುಗಿಸದೆ ಚಾ ಕೂಡ ಮುಟ್ಟಲ್ಲ, ಆಯಿ ಸೋಮವಾರ ಒಪ್ಪೊತ್ತು. ನನಗೆ ಕಾಲೇಜಿಂದಲೇ ಇದ್ಯಾವುದರ ಮೇಲೂ ನಂಬಿಕೆ ಇಲ್ಲ. ಜಗಳ ಗಿಗಳ ಆಗಿ ಬಿಟ್ಟಿದ್ದೇನಲ್ಲ, ನಿಧಾನಕ್ಕೆ ಉದುರಿ ಹೋಯ್ತು. ಮನೇಲಿ ಗೊತ್ತು, ಆದ್ರೆ ಬಾಯಿಬಿಟ್ಟು ಯಾರೂ ಹೇಳಲ್ಲ.

ಈಗ ವಿಷಯ ಎಂತ ಅಂದ್ರೆ, ತಂಗಿ ಮದುವೆ ಮಾತಾಗಿ ಮಾತಾಗಿ ತಪ್ಪಿ ಹೋಗ್ತಾ ಉಂಟು, ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ, ಹೋದ ಮಳೆಗಾಲ ಕೊಳೆರೋಗದಲ್ಲಿ ಅರ್ಧಕ್ಕರ್ಧ ಅಡಿಕೆ ನೆಲಕ್ಕೆ ಬಿತ್ತು. ಮೂರೂ ಸೇರಿ ಮನೇಲಿ "ಎಂತದೋ ಉಂಟು" ಅಂತ ಶುರು ಆಯ್ತು. ದೊಡ್ಡಪ್ಪ ಬಂದು ಘಟ್ಟದ ಕೆಳಗೆ ಒಬ್ರು ತಾಂಬೂಲ ಪ್ರಶ್ನೆ ಚಲೋ ಹೇಳ್ತಾರೆ ಅಂದ್ರು, ಕಾರು ಓಡ್ಸೋಕೆ ನಾನೇ ಹೋದೆ. ಗೊತ್ತಿಲ್ದವ್ರಿಗೆ ಹೇಳ್ತೆ, ನಾವು ತಗೊಂಡು ಹೋದ ವೀಳ್ಯದೆಲೆ ಎಣಿಸಿ ಲೆಕ್ಕ ಹಾಕ್ತಾರೆ, ಒಂದೊಂದು ಎಲೆ ಜಾತಕದ ಒಂದೊಂದು ಭಾವಕ್ಕೆ, ಯಾವುದು ಹರಿದಿದೆ ಯಾವುದು ಬಾಡಿದೆ ನೋಡಿ ದೋಷ ಹೇಳೂದು. ಏಪ್ರಿಲ್ ಬಿಸಿಲಲ್ಲಿ ದೇವಿಮನೆ ಘಟ್ಟ ಇಳಿದು ಹೋದ ಎಲೆ ಬಾಡದೆ ಇರ್ತದಾ ಹೇಳಿ. ಆಮೇಲೆ ಅವರು ಕೇಳಿದ್ದು ಹೀಗೆ: ತೋಟದ ಹತ್ರ ಹಳೇ ನಾಗನ ಜಾಗ ಇತ್ತಾ, ದೊಡ್ಡ ಮರ ಕಡಿದಿದ್ದುಂಟಾ, ಕುಟುಂಬದಲ್ಲಿ ಸಂತಾನ ಇಲ್ದೆ ತೀರಿಕೊಂಡವರು ಇದ್ದಾರಾ, ನೀರಿನ ಜಾಗ ಮುಚ್ಚಿದ್ದೀರಾ. ನಮ್ ಸೀಮೆಯಲ್ಲಿ ಇದಕ್ಕೆಲ್ಲ ಇಲ್ಲ ಅನ್ನೋ ಒಂದು ಮನೆ ತೋರಿಸಿ ನೋಡುವ! ಅಪ್ಪಯ್ಯ ದೊಡ್ಡಪ್ಪ ಮುಖ ಮುಖ ನೋಡ್ಕೊಂಡ್ರು, ಅಷ್ಟೇ, ಮುಗೀತು.

ಪರಿಹಾರ ನಾಗ ಪ್ರತಿಷ್ಠೆ, ಆಶ್ಲೇಷ ಬಲಿ (ನಾಗಂಗೆ ಮಾಡೋ ಪೂಜೆ, ಪ್ರಾಣಿ ಬಲಿ ಅಲ್ಲ), ಊಟ. ಖರ್ಚು ಒಂದು ಹೊಸ ಸ್ಕೂಟರಿನ ಹತ್ರ ಬರ್ತದೆ. ಅಪ್ಪಯ್ಯಂಗೆ ಮಂಡಿನೋವು, ಅಷ್ಟೊತ್ತು ಕೆಳಗೆ ಕೂರೋಕಾಗಲ್ಲ, ಅದಕ್ಕೆ ನಾನೂ ನನ್ ಹೆಂಡತಿಯೂ ಸಂಕಲ್ಪಕ್ಕೆ ಕೂರಬೇಕಂತೆ. ಕೂತ್ರೆ ಸುಳ್ಳಾಡಿದ ಹಾಗೆ, ಕೂರದಿದ್ರೆ ನಾಳೆ ಒಂದು ಅಡಿಕೆ ಉದುರಿದ್ರೂ ನನ್ನಿಂದ್ಲೇ ಅಂತಾರೆ. ನಿಮ್ಮಲ್ಲಿ ಹೀಗೆ ಮನೆ ಊರು ಬಿಡದೆ, ನಂಬದೆಯೂ ಬದುಕ್ತಾ ಇರೋರು ಯಾರಾದ್ರೂ ಇದ್ದೀರಾ, ಎಲ್ಲಿ ಗೆರೆ ಹಾಕ್ತೀರಿ, ಎಲ್ಲಿ ಬಿಟ್ಟುಬಿಡ್ತೀರಿ?

ಕುಮಟೆ_ಅಕ್ಕೋರು:

ಮಾಣಿ, ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್, ವಿಜ್ಞಾನ ಗಣಿತ ಕಲಿಸ್ತಿದ್ದೆ. ನಿಮ್ಮ ಪ್ರಶ್ನೆ ನೋಡಿ ನಗು ಬಂತು, ನಮ್ಮ ಮನೆಯಲ್ಲೂ ಇದೇ ಪುರಾಣ ನಡೆದು ಹೋಗಿದೆ.

1995ರ ಸೆಪ್ಟೆಂಬರ್ 21 ನೆನಪಿದ್ಯಾ, ನಿಮಗೆ ನೆನಪಿರಲಿಕ್ಕಿಲ್ಲ, ಆಗ ಹುಟ್ಟಿದ್ರೋ ಇಲ್ವೋ. ಗಣಪತಿ ಹಾಲು ಕುಡಿತಾನೆ ಅಂತ ದೇಶಕ್ಕೆ ದೇಶವೇ ಚಮಚ ಹಿಡ್ಕೊಂಡು ಹೊರಟ ದಿನ. ನಮ್ಮ ಶಾಲೆಯಲ್ಲಿ ಮಕ್ಕಳು ಕ್ಲಾಸಲ್ಲಿ ಕೂರಲಿಲ್ಲ. ಮರುದಿನ ನಾನು ಒಂದು ಅರೆಯೋ ಗುಂಡುಕಲ್ಲು ಒದ್ದೆ ಮಾಡಿಟ್ಟು, ಚಮಚದ ತುಂಬಾ ಹಾಲು ಅದಕ್ಕೆ ತಾಗಿಸಿ ಹಿಡಿದೆ, ಗುಂಡುಕಲ್ಲೂ ಕುಡೀತು! ಆಮೇಲೆ ಹಾಲಿಗೆ ಕುಂಕುಮ ಹಾಕಿ ಹಿಡಿದಾಗ ಕೆಂಪು ಗೆರೆ ಕಲ್ಲಿನ ಮೈಮೇಲೆ ಸಣ್ಣಗೆ ಇಳಿದು ಹೋಗೋದು ಕಂಡ್ತು. ಡೆಲ್ಲಿಯಲ್ಲಿ ಸರ್ಕಾರದ ವಿಜ್ಞಾನಿಗಳೂ ಹೀಗೇ ಬಣ್ಣದ ಹಾಲು ಕೊಟ್ಟು ತೋರಿಸಿದ್ರು, ಮೇಲ್ಮೈ ಎಳೆತದಿಂದ ಹಾಲು ಚಮಚದಿಂದ ಹೊರಗೆ ಬರ್ತದೆ, ಆಮೇಲೆ ಕಲ್ಲಿನ ಮೇಲೆ ತೆಳ್ಳಗೆ ಹರಡಿ ಇಳೀತದೆ. ನಾನು ಗಣಪತಿ ಇದ್ದಾನೆ ಇಲ್ಲ ಅಂತ ಒಂದು ಮಾತೂ ಆಡಲಿಲ್ಲ. ಆದ್ರೂ ಸಂಜೆ ಇಬ್ಬರು ಪಾಲಕರು ಬಂದು ಹೆಡ್ ಮಾಸ್ತರ ಹತ್ರ ಕಂಪ್ಲೇಂಟ್ ಕೊಟ್ರು ಅನ್ನಿ, ಅದು ಬೇರೆ ಕತೆ.

ಎಚ್. ನರಸಿಂಹಯ್ಯ ಅಂತ ಇದ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಫಿಸಿಕ್ಸ್ ಮೇಷ್ಟ್ರು. 1976ರಲ್ಲಿ ಪವಾಡ ಪರೀಕ್ಷೆ ಮಾಡೋಕೆ ಅಂತ ಒಂದು ಸಮಿತಿ ಮಾಡಿದ್ರು, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಕಾಗದ ಬರೆದ್ರು, ನಿಮ್ಮ ಪವಾಡ ನಮ್ಮ ಎದುರು ಮಾಡಿ ತೋರಿಸಿ ಅಂತ. ಉತ್ತರ ಬರಲಿಲ್ಲ. ಬಯ್ಯಲಿಲ್ಲ, ಕೂಗಾಡಲಿಲ್ಲ, ಪರೀಕ್ಷೆಗೆ ಕರೆದ್ರು ಅಷ್ಟೇ, ಮನುಷ್ಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಖಾದಿ ಉಟ್ಕೊಂಡು ಜೀವನ ಕಳೆದ್ರು. ನನಗೆ ಅವರ ಆ ರೀತಿ ಇಷ್ಟ. ನಿಮ್ಮ ಪ್ರಶ್ನೆಗೆ ಅನ್ವಯಿಸಿದ್ರೆ, ಅಪ್ಪಯ್ಯನ ಹತ್ರ ನಾಗ ಇಲ್ಲ ಅಂತ ವಾದ ಮಾಡೂದು ಬೇಡ. ಇನ್ನೊಬ್ಬ ಪ್ರಶ್ನೆಯವರ ಹತ್ರ ಬೇರೆ ಎಲೆ ತಗೊಂಡು ಹೋಗುವ, ಹಿಂದಿನದ್ದು ಹೇಳೂದು ಬೇಡ, ಅದೇ ದೋಷ ಬಂದ್ರೆ ನಾನೇ ಕೂರ್ತೆ ಅನ್ನಿ. ಅವರು ಒಪ್ಪದೇ ಇರಬಹುದು, ಒಪ್ಪದಿದ್ರೂ ಆ ಪ್ರಶ್ನೆ ತಲೆಯಲ್ಲಿ ಉಳೀತದೆ.

ಇನ್ನೊಂದು, ಕೆಲವರು ಇಲ್ಲಿ ಬಂದು ಮೌಢ್ಯ ನಿಷೇಧ ಕಾಯ್ದೆ ತೋರಿಸಿ ಅಂತ ಹೇಳಬಹುದು. 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು ಅದು. ಎಂಜಲೆಲೆ ಮೇಲೆ ಉರುಳೋದು, ಹಾವು ಕಡಿದವರನ್ನ ಆಸ್ಪತ್ರೆಗೆ ಬಿಡದೆ ಮಂತ್ರ ಹಾಕೋದು ಇಂಥದ್ದೆಲ್ಲ ಅದರಲ್ಲಿ ಉಂಟು. ಜ್ಯೋತಿಷ್ಯ, ವಾಸ್ತು, ಪೂಜೆಗಳನ್ನ ಹೊರಗೇ ಇಟ್ಟಿದ್ದಾರೆ. ಹಾಗಾಗಿ ತಾಂಬೂಲ ಪ್ರಶ್ನೆಗೆ ಪೊಲೀಸ್ ಕರೆಯೋ ಯೋಚನೆ ಇದ್ರೆ ಬಿಡಿ :)

ಮೈಲುತುತ್ತ:

ನಾನು ಸಿದ್ದಾಪುರ ಕಡೆ ತೋಟಿಗ, ನಂಬುವವ. ನಾಗಂಗೆ ವರ್ಷಾ ಹಾಲೆರೀತೆ, ಇನ್ನು ಮುಂದೂ ಎರೀತೆ. ಅದಕ್ಕೆ ಅಂತ ನನ್ನ ದಡ್ಡ ಅನ್ನೋಕೆ ಬರಬೇಡಿ.

ಮೊದ್ಲು ನಿಮ್ ತೋಟದ ವಿಷಯ ಮಾತಾಡುವ, ಬಾಕಿದ್ದು ಆಮೇಲೆ. ಕೊಳೆಗೂ ನಾಗಂಗೂ ಸಂಬಂಧ ಇಲ್ಲ ಅಂತ ನಮ್ಮ ಅಜ್ಜಂಗೇ ಗೊತ್ತಿತ್ತು. ಅವ ಪೂಜೆನೂ ಮಾಡ್ತಿದ್ದ, ಮಳೆ ಹಿಡಿಯೋ ಮೊದಲು ಅಡಿಕೆ ಕೊನೆಗೆ (ಗೊಂಚಲಿಗೆ) ನೀರು ತಾಗದ ಹಾಗೆ ಕೊಟ್ಟೆನೂ ಕಟ್ಟಿಸ್ತಿದ್ದ. ನೂರು ವರ್ಷದ ಹಿಂದೆ ಮೈಸೂರು ಸರ್ಕಾರದಲ್ಲಿ ಕೋಲ್ಮನ್ ಅಂತ ಕೆನಡಾದವರು ಕೃಷಿ ಇಲಾಖೆಯಲ್ಲಿದ್ರು, ಮಲೆನಾಡು ಸುತ್ತಿ ಕೊಳೆ ಅನ್ನೋದು ಶಿಲೀಂಧ್ರ ಅಂತ ಕಂಡು ಬೋರ್ಡೋ ದ್ರಾವಣ ಹೊಡೆಯೋದು ರೂಢಿ ಮಾಡಿಸಿದ್ರು. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇವತ್ತಿಗೂ ಅದೇ ಲೆಕ್ಕ. ಹಾಗಂತ ಬೋರ್ಡೋ ಬಂದ ಮೇಲೆ ನಮ್ಮೂರಲ್ಲಿ ಯಾವ ದೇವಸ್ಥಾನವೂ ಬಾಗ್ಲು ಹಾಕ್ಲಿಲ್ಲ ಅಲ್ದಾ.

ಎಲೆಚುಕ್ಕಿಯೂ ಶಿಲೀಂಧ್ರವೇ. ಬಿದ್ದ ಸೋಗೆ ತೋಟದಲ್ಲೇ ಬಿಟ್ರೆ ಅಲ್ಲಿಂದ್ಲೇ ಮತ್ತೆ ಏಳ್ತದೆ, ಚುಕ್ಕಿ ಜಾಸ್ತಿ ಇದ್ದ ಸೋಗೆ ತೆಗೆದು ಸುಡಬೇಕು, ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಲೀಟರಿಗೆ ಒಂದು ಎಂ.ಎಲ್. ಲೆಕ್ಕದಲ್ಲಿ ಹೊಡೀಬೇಕು, ಮಣ್ಣಿಗೆ ಪೊಟ್ಯಾಷ್ ಕಮ್ಮಿ ಆಗದ ಹಾಗೆ ನೋಡ್ಕೋಬೇಕು. ನಿಮ್ಮೊಬ್ರ ತೋಟಕ್ಕೆ ಹೊಡೆದ್ರೆ ಸಾಕಾಗಲ್ಲ, ಗಾಳಿಯಲ್ಲಿ ಪಕ್ಕದ ತೋಟದಿಂದ ಬರ್ತದೆ, ಆಚೀಚೆಯವರನ್ನ ಒಟ್ಟು ಮಾಡಿ.

ಈಗ ನನ್ನ ಸಿಟ್ಟು ಎಂತ ಅಂದ್ರೆ, ನೀವು ಓದಿದವ್ರು ಪ್ರಶ್ನೆ ಕೇಳೂದು ಭಟ್ಟರ ಹತ್ರ ಮಾತ್ರ. ಗೊಬ್ಬರದಂಗಡಿಯವ "ಟಾನಿಕ್ ಹಾಕಿ ಸರ್, ಕಾಯಿ ಕಚ್ಚುತ್ತೆ" ಅಂತ ಬಣ್ಣದ ಬಾಟ್ಲಿ ಕೊಟ್ರೆ ಸಾವಿರಗಟ್ಲೆ ಕೊಟ್ಟು ತರ್ತೀರಿ, ಅದರ ಹಿಂದೆ ಏನುಂಟು ಅಂತ ಓದಲ್ಲ. ನಾನು ಯಾವ ಹೊಸ ಔಷಧಿ ತಂದ್ರೂ ಎರಡು ಸಾಲು ಮರ ಹಾಗೇ ಬಿಡ್ತೆ, ಹೊಡೆಯಲ್ಲ, ಮರ ಹತ್ತೋ ಕೊನೆಗೌಡನಿಗೆ ಹೇಳಿ ಆ ಸಾಲಿನ ಕೊನೆ ಬೇರೆ ಇಳಿಸ್ತೆ. ಹೆಚ್ಚಿನ ಟಾನಿಕ್ಕು ಆ ಎರಡು ಸಾಲಿನ ಎದುರು ಸೋತು ಹೋಗಿದೆ. ನಿಮ್ಮ ಬೆಂಗಳೂರು ಕಂಪನಿಯಲ್ಲಿ ಆಯುಧಪೂಜೆಗೆ ಸರ್ವರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡ್ತಾರಲ್ಲ, ಅಲ್ಲಿ ಯಾರಿಗಾದ್ರೂ ಪತ್ರ ಬರೆದಿದ್ದೀರಾ?

ಕೂರೂದು ಬಿಡೂದು ನಿಮಗೆ ಬಿಟ್ಟಿದ್ದು. ಮನಸ್ಸಿಲ್ದೆ ಕೂತವನ ಸಂಕಲ್ಪ ನಮ್ಮ ಶಾಸ್ತ್ರದಲ್ಲೂ ಫಲ ಕೊಡಲ್ಲ ಅಂತಾರೆ, ಅದನ್ನೇ ಅಪ್ಪಯ್ಯಂಗೆ ಹೇಳಿ ನೋಡಿ, ಅವರಿಗೆ ಅರ್ಥ ಆಗೋ ಭಾಷೆ ಅದು.

ಹೊರಜಗಲಿ:

ಮೂರು ಸಲ ಓದಿದೆ ನಿಮ್ಮ ಪೋಸ್ಟು. ಅಪ್ಪಯ್ಯ ಇದ್ದಾರೆ, ದೊಡ್ಡಪ್ಪ ಇದ್ದಾರೆ, ವೀಳ್ಯದೆಲೆ ಉಂಟು, ಸ್ಕೂಟರ್ ಬೆಲೆನೂ ಉಂಟು. ತಂಗಿ ಏನಂದ್ಲು? ಹೆಂಡತಿ ಏನಂದ್ರು? ಒಂದು ಸಾಲೂ ಇಲ್ಲ. ನಿಮ್ಮ ಜೊತೆ ಮಣೆ ಮೇಲೆ ಕೂರೋಳು ಹೆಂಡತಿ, ದೋಷ ಅಂತ ಹೆಸರು ಇಟ್ಟಿರೋದು ತಂಗಿ ಮದುವೆಗೆ.

ನಾನೂ ಅದೇ ಸೀಮೆಯವಳು, ಈಗ ಹುಬ್ಬಳ್ಳಿಯಲ್ಲಿ ಕೆಲಸ. ಗಂಡುಮಕ್ಕಳಿಗೆ ಇದೊಂದು ಡಿಬೇಟು ಮಾರಾಯ್ರೆ, ದೇವರು ಇದ್ದಾನೋ ಇಲ್ವೋ, ವಿಜ್ಞಾನ ಏನಂತದೆ, ಚಾ ಕುಡೀತಾ ಮಾತಾಡಬಹುದು. ನಮಗೆ ಅದು ತಿಂಗಳಿಗೆ ಮೂರು ದಿನ ಜಗಲಿ ಆಚೆ ಚಾಪೆ, ಬೇರೆ ತಟ್ಟೆ. ನಾನು ನಂಬಲ್ಲ ಅಂದ್ರೆ "ಯಾವ ಮನೆ ಸೇರ್ತಾಳೋ" ಅಂತ ಶುರು, ನೀವು ನಂಬಲ್ಲ ಅಂದ್ರೆ "ಬುದ್ಧಿವಂತ, ಬೆಂಗಳೂರಲ್ಲಿ ಓದಿದವ". ಒಂದೇ ಮಾತಿಗೆ ಎರಡು ರೇಟು.

ಕುಜದೋಷದ್ದು ಇನ್ನೊಂದು ತಮಾಷೆ. ಒಂದು, ಎರಡು, ನಾಲ್ಕು, ಏಳು, ಎಂಟು, ಹನ್ನೆರಡು, ಜಾತಕದ ಇಷ್ಟು ಮನೆಯಲ್ಲಿ ಎಲ್ಲಿ ಕುಜ, ಅಂದ್ರೆ ಮಂಗಳ ಗ್ರಹ, ಇದ್ರೂ ದೋಷ ಅಂತಾರೆ, ಎರಡನೇದನ್ನ ಕೆಲವರು ಸೇರಿಸ್ತಾರೆ ಕೆಲವರು ಬಿಡ್ತಾರೆ. ಹನ್ನೆರಡರಲ್ಲಿ ಆರು. ಅಂದ್ರೆ ಹೆಚ್ಚುಕಮ್ಮಿ ಅರ್ಧ ಊರಿಗೆ ಕುಜದೋಷ! ಆಮೇಲೆ ಅದಕ್ಕೆ ಅಪವಾದದ ಪಟ್ಟಿ ಬೇರೆ, ಸಂಬಂಧ ಚಲೋ ಇದ್ರೆ ಅಪವಾದ ಸಿಗ್ತದೆ, ಇಲ್ದಿದ್ರೆ ದೋಷ ಸಿಗ್ತದೆ. ನಮ್ಮಲ್ಲಿ ಗಂಡುಮಕ್ಕಳಿಗೆ ಹೆಣ್ಣು ಸಿಗ್ತಾ ಇಲ್ಲ ಅಂತ ಎಷ್ಟು ವರ್ಷದಿಂದ ಗೋಳು, ಆ ಹುಡುಗರ ಜಾತಕಕ್ಕೆ ಈಗ ಯಾವ ದೋಷವೂ ಕಾಣಲ್ಲ ನೋಡಿ, ಎಲ್ಲಾ ಸರಿಹೋಗಿದೆ.

ಸಂಕಲ್ಪಕ್ಕೆ ಕೂರೂದೋ ಬಿಡೂದೋ ನನಗೆ ದೊಡ್ಡ ವಿಷಯ ಅನ್ನಿಸಲ್ಲ. ತಂಗಿ ಹತ್ರ ಹೋಗಿ ಕೇಳಿ, ಆ ಸಂಬಂಧಗಳು ಯಾಕೆ ತಪ್ಪಿದ್ವು ಅಂತ ಅವಳಿಗೆ ಗೊತ್ತಿರ್ತದೆ.

ಕಾಳಿನದಿ:

ಕಾರವಾರದವ. ಕರಾವಳಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಈಗ ಬೇರೆ ಕಡೆ. ಗೆರೆ ಎಲ್ಲಿ ಹಾಕೂದು ಅಂತ ಕೇಳಿದ್ರಲ್ಲ, ನನ್ನ ಗೆರೆ ಹೇಳ್ತೆ. ಜೀವ. ಬಾಕಿ ಎಲ್ಲಾ ಮಾತಾಡಿ ಬಗೆಹರಿಸಬಹುದು.

ಹಾವು ಕಡಿದವರನ್ನ ಮೊದಲು ಮಂತ್ರ ಹಾಕೋರ ಮನೆಗೆ ತಗೊಂಡು ಹೋಗಿ, ಅಲ್ಲಿ ಅಕ್ಕಿ ಕಾಳು, ನೂಲು, ಬೇರು ಎಲ್ಲಾ ಆಗಿ, ಕಣ್ಣು ರೆಪ್ಪೆ ಬಿಡಿಸೋಕಾಗದ ಹೊತ್ತಿಗೆ ನಮ್ಮಲ್ಲಿಗೆ ತರ್ತಿದ್ರು. ಆ ಮಂತ್ರದವರಿಗೆ ಊರಲ್ಲಿ ಭಾರಿ ಹೆಸರು, "ನೂರು ಜನರನ್ನ ಉಳಿಸಿದ್ದಾರೆ" ಅಂತ. ಸುಳ್ಳಲ್ಲ ಅದು, ಲೆಕ್ಕ ಮಾತ್ರ ತಪ್ಪು. ನಮ್ಮಲ್ಲಿ ಕಡಿಯೋ ಹಾವಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ, ಕೇರೆ, ನೀರು ಹಾವು ಇಂಥವು. ವಿಷದ ಹಾವು ಕಚ್ಚಿದ್ರೂ ಕೆಲವು ಸಲ ವಿಷ ಬಿಡಲ್ಲ. ಇವರೆಲ್ಲ ಮಂತ್ರ ಹಾಕಿದ್ರೂ ಹಾಕದಿದ್ರೂ ಎದ್ದು ಕೂರೋರೇ, ಎದ್ದು ಕೂತು ಊರಿಡೀ ಹೇಳ್ಕೊಂಡು ತಿರುಗ್ತಾರೆ. ನಾಗರ, ಕೊಳಕುಮಂಡಲ ಸರಿಯಾಗಿ ಕಚ್ಚಿ ಬರೀ ಮಂತ್ರಕ್ಕೇ ನಿಂತವ ಹೆಚ್ಚಾಗಿ ಬಂದು ಹೇಳೋಕೆ ಉಳಿಯಲ್ಲ. ಕಟ್ಟಹಾವಂತೂ ರಾತ್ರಿ ಮಲಗಿದಾಗ ಕಚ್ಚಿದ್ರೆ ನೋವೂ ಸರಿ ಗೊತ್ತಾಗಲ್ಲ, ಬೆಳಿಗ್ಗೆ ಹೊಟ್ಟೆನೋವು ಅಂತಾರೆ.

ನಮ್ಮ ಔಷಧಿಯ ಮೇಲೂ ಅನುಮಾನ ಇರಬೇಕು ಅನ್ನೋನು ನಾನು. ಇಲ್ಲಿ ಸಿಗೋ ವಿಷನಿರೋಧಕ ಇಂಜೆಕ್ಷನ್ ನಾಲ್ಕು ಹಾವಿಗೆ ಮಾಡಿದ್ದು, ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ. ಘಟ್ಟದ ತೋಟದಲ್ಲಿ ಮೂಗು ಮೇಲೆತ್ತಿದ ಒಂದು ಸಣ್ಣ ಗುಳಿಮಂಡಲ ಇರ್ತದಲ್ಲ, ಅದಕ್ಕೆ ಈ ಇಂಜೆಕ್ಷನ್ ತಾಗಲ್ಲ. ಮಂಗನ ಕಾಯಿಲೆ ಲಸಿಕೆಯೂ ಹಾಗೇ ಆಯ್ತು, ವರ್ಷಗಟ್ಲೆ ಕೊಟ್ರು, ಪರಿಣಾಮ ಸಾಲದು ಅಂತ ಪರೀಕ್ಷೆಯಲ್ಲೇ ಗೊತ್ತಾಗಿ ನಿಲ್ಲಿಸಿದ್ರು. ನಿಲ್ಲಿಸಿದ್ರಲ್ಲ, ಅದೇ ವ್ಯತ್ಯಾಸ. ಇಷ್ಟು ವರ್ಷದಲ್ಲಿ ಯಾವ ಮಂತ್ರ ಕೆಲಸ ಮಾಡಲ್ಲ ಅಂತ ಗೊತ್ತಾಗಿ ನಿಂತಿದೆ ಹೇಳಿ?

ಕಾರವಾರದ ಹತ್ರದ ಕೂರ್ಮಗಡ ದ್ವೀಪದ ಜಾತ್ರೆಗೆ ಸಣ್ಣವನಿದ್ದಾಗಿಂದ ದೋಣಿಯಲ್ಲಿ ಹೋಗ್ತೆ, ನರಸಿಂಹಂಗೆ ಕೈ ಮುಗೀತೆ, ಯಾಕೆ ಅಂದ್ರೆ ಗೊತ್ತಿಲ್ಲ, ಖುಷಿ ಆಗ್ತದೆ. 2019ರ ಜನವರಿಯಲ್ಲಿ ಅಲ್ಲಿಂದ ವಾಪಸ್ ಬರೋ ದೋಣಿ ಮಗುಚಿ ಎಷ್ಟೋ ಜನ ಹೋದ್ರು, ಸಣ್ಣ ಮಕ್ಕಳೂ ಇದ್ರು. ಜನ ಜಾಸ್ತಿ ಹತ್ತಿದ್ರು. ಅವತ್ತಿಂದ ಲೈಫ್ ಜಾಕೆಟ್ ಇಲ್ಲದ ದೋಣಿ ನಾನು ಹತ್ತಲ್ಲ, ಯಾರಾದ್ರೂ "ದೇವರ ಕೆಲಸಕ್ಕೆ ಹೋಗೂದು, ಎಂತ ಆಗ್ತದೆ" ಅಂದ್ರೆ ಅಲ್ಲೇ ದಕ್ಕೆ ಮೇಲೆ ನಿಂತು ಜಗಳ ಆಡ್ತೆ.

ಹೊನ್ನಾವರ_ಇನ್_ಬೆಂಗ್ಳೂರು:

ಎಲ್ಲಾ ಬಾಳ ಒಳ್ಳೆಯವರಾಗಿ ಮಾತಾಡ್ತಾ ಇದ್ದೀರಿ. ಎದ್ದು ಬನ್ನಿ ಗುರು ಅಲ್ಲಿಂದ. ಕೂತ್ರೆ ನಾಳೆ ನಿಮ್ಮ ಮಗಂಗೂ ಇದೇ. ಒಂದು ಸಲ ಇಲ್ಲ ಅಂದ್ರೆ ಒಂದು ತಿಂಗಳು ಮುಖ ಊದಿಸ್ಕೊಂಡು ಇರ್ತಾರೆ, ಆಮೇಲೆ ಅಭ್ಯಾಸ ಆಗ್ತದೆ. ನಾನು ಮನೇಲಿ ಎಲ್ಲರ ಎದುರು ಹೇಳಿ ಜನಿವಾರ ತೆಗೆದವ, ಯಾರೂ ಸಾಯಲಿಲ್ಲ.

ಕುಮಟೆ_ಅಕ್ಕೋರು:

ಹೊನ್ನಾವರದ ತಮಾ, ಬೆಂಗಳೂರಲ್ಲಿ ಕೂತು ತೆಗೆಯೋದು ಸುಲಭ, ಅವ ಅದೇ ಅಂಗಳದಲ್ಲಿ ನಾಳೆಯೂ ಅಡಿಕೆ ಒಣಗಿಸಬೇಕು. ಹಾಗಂತ ನೀವು ಹೇಳಿದ್ದು ತಪ್ಪು ಅಂತಲೂ ಅಲ್ಲ. ಯಾರೂ ಇಲ್ಲ ಅನ್ನದೇ ಇದ್ರೆ ಏನೂ ಬದಲಾಗಲ್ಲ. ಶಿರಸಿ ಮಾರಿಜಾತ್ರೆಯಲ್ಲಿ ಕೋಣ ಕಡೀತಿದ್ರು, 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದವರು ಬಲಿ ಕೊಡೋ ಗುಡಿಗೆ ಬರಲ್ಲ ಅಂದ್ರು. ಅವರು ನಾಸ್ತಿಕರಲ್ಲ, ದಿನಾ ಪ್ರಾರ್ಥನೆ ಮಾಡೋರು. ಬಲಿ ನಿಂತಿತು, ಜಾತ್ರೆಗೇನಾಯ್ತು, ಎರಡು ವರ್ಷಕ್ಕೊಮ್ಮೆ ಲಕ್ಷಗಟ್ಲೆ ಜನ. ಆದ್ರೆ 2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್, 2015ರಲ್ಲಿ ನಮ್ಮ ಧಾರವಾಡದಲ್ಲೇ ಕಲಬುರ್ಗಿಯವರು, ಮೌಢ್ಯದ ವಿರುದ್ಧ ಮಾತಾಡಿದ ಇವರನ್ನ ಗುಂಡಿಟ್ಟು ಕೊಂದದ್ದೂ ನೋಡಿದ್ದೇವೆ. ಯಾರೂ ಸಾಯಲಿಲ್ಲ ಅನ್ನೋ ಮಾತು ಅಷ್ಟು ಹಗುರ ಆಡಬೇಡಿ.

ತೋಟದಮನೆ_ಮಾಣಿ:

ಎಲ್ಲರಿಗೂ ಥ್ಯಾಂಕ್ಸ್, ಉತ್ತರ ಕೊಡೋಕೆ ತಡ ಆಯ್ತು, ನೆಟ್ವರ್ಕ್ ಗೊತ್ತಲ್ಲ ನಮ್ಮಲ್ಲಿ.

ಹೊರಜಗಲಿಯವರೇ, ತಂಗಿ ಹತ್ರ ಕೂತು ಮಾತಾಡಿದೆ. ಒಂದು ಸಂಬಂಧ ಅವಳೇ ಬೇಡ ಅಂದಿದ್ದಂತೆ, ಆಯಿ ಹತ್ರ ಮಾತ್ರ ಹೇಳಿದ್ದಾಳೆ, ಆಯಿ ಅದನ್ನ ಅಪ್ಪಯ್ಯಂಗೆ ಜಾತಕ ಕೂಡಲಿಲ್ಲ ಅಂತ ದಾಟಿಸಿದ್ದಾಳೆ. ಅಂದ್ರೆ ನಮ್ಮ ಮನೆಯಲ್ಲಿ ಜಾತಕ ಇಷ್ಟು ವರ್ಷ ಎಂತೆಂತ ಕೆಲಸಕ್ಕೆ ಬಂದಿದೆಯೋ. ಅವಳು ಹೇಳಿದ್ದು, "ಅಣ್ಣಾ ನೀ ನಾಗನ್ನ ಬೈಬೇಡ, ಪಾಪ ಅದಕ್ಕೆ ಎಂತ ಗೊತ್ತು, ನನಗೆ ಎರಡು ವರ್ಷ ಬಿಡೋಕೆ ಹೇಳು ಸಾಕು". ಹೆಂಡತಿ ಕೂರಲ್ಲ ಅಂದ್ಲು, ನನಗಿಂತ ಖಡಾಖಂಡಿತ.

ಅಪ್ಪಯ್ಯನ ಹತ್ರ ಮೈಲುತುತ್ತ ಅವರ ದಾರಿಯಲ್ಲೇ ಹೋದೆ, ಮನಸ್ಸಿಲ್ಲದವ ಸಂಕಲ್ಪ ಮಾಡಿದ್ರೆ ನಡೀತದಾ ಅಂತ. ಸುಮಾರು ಹೊತ್ತು ಸುಮ್ಮನಿದ್ರು, ಕವಳ ಹಾಕಿದ್ರು, ಆಮೇಲೆ "ದೊಡ್ಡಪ್ಪನ ಮಗ ಕೂರಲಿ" ಅಂದ್ರು. ಬೇಜಾರಾಗಿದೆ ಅವರಿಗೆ, ಎರಡನೇ ಪ್ರಶ್ನೆಗೆ ಹೋಗುವ ಅಂತ ಕೇಳೋ ಧೈರ್ಯ ಬರಲಿಲ್ಲ ಅಕ್ಕೋರೆ. ಪ್ರತಿಷ್ಠೆ ಬೇಡ, ಬರೀ ಆಶ್ಲೇಷ ಬಲಿ ಅಂತ ಖರ್ಚು ಇಳಿದಿದೆ, ಉಳಿದ ದುಡ್ಡಲ್ಲಿ ಔಷಧಿ ಹೊಡೆಸುವ ಅಂದೆ, ಹೂಂ ಅಂದ್ರು. ಊಟಕ್ಕೆ ಬಡಿಸೋಕೆ ನಾನು ಇರ್ತೆ, ಅದಕ್ಕೇನೂ ತೊಂದರೆ ಇಲ್ಲ.

ಹೊರಜಗಲಿ:

ಹೆಂಡತಿಗೆ ನನ್ನ ನಮಸ್ಕಾರ ಹೇಳಿ.

ಮೈಲುತುತ್ತ:

ಬಲಿ ತಾರೀಖು ಯಾವುದೇ ಇರಲಿ, ಔಷಧಿ ಮೊದಲ ಸುತ್ತು ಮುಂಗಾರು ಹಿಡಿಯೋದರೊಳಗೆ ಮುಗಿಸಿ. ಕೊನೆಗೌಡನಿಗೆ ಈಗಲೇ ಹೇಳಿಡಿ, ಜೂನಲ್ಲಿ ಕೇಳಿದ್ರೆ ಯಾರೂ ಸಿಗಲ್ಲ. ಮತ್ತೆ ಎರಡು ಸಾಲು ಬಿಡೂದು ಮರೀಬೇಡಿ, ಆಶ್ಲೇಷ ಬಲಿಯಿಂದ ವಾಸಿ ಆಯ್ತೋ ಔಷಧಿಯಿಂದ ಆಯ್ತೋ ಅಂತ ದೊಡ್ಡಪ್ಪ ಕೇಳೇ ಕೇಳ್ತಾರೆ.